ಐರ್ಲೆಂಡಿನವರ ಹಬ್ಬಕ್ಕೆ ತಮಟೆ

"ನಿಮ್ಮವ್ವ ಇವತ್ತೇ ಸಾಯ್ಬೇಕಿತ್ತೇನ್ಲಾ, ಬೋಳಿಮಗನೆ? ನಾಳೆ ಸತ್ತಿದ್ರೆ ಯಾರಪ್ಪನ ಗಂಟು ಓಯ್ತಿತ್ತು?"

ಲಕ್ಕಣ್ಣ ಮನೆಯ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದ. ಬಾಯಿಯ ನೊರೆಯನ್ನು ಮುನಿಆಂಜಿನಪ್ಪನ ಕಾಲ ಬಳಿಯೇ ಉಗಿದು, ಉತ್ತರಕ್ಕೆ ಕಾಯುವವನಂತೆ ನೋಡಿದ. ಮುನಿಆಂಜಿನಪ್ಪ ಐವತ್ತು ದಾಟಿದ ತಮಟೆಯವನು. ಅವನ ತಾಯಿ ಅಕ್ಕಯ್ಯಮ್ಮ ಬೆಳಗಿನ ಐದು ಗಂಟೆಗೆ, ಯಾರನ್ನೂ ಕೇಳದೆ ಪ್ರಾಣ ಬಿಟ್ಟಿದ್ದಳು.

"ಏನ್ ಮಾಡ್ಲಿ ಗೌಡ್ರೆ, ಓಗ್ಬಿಟ್ಳು. ಹೊಂಗೆ ಮರದತ್ರ ನಮ್ಮಪ್ಪನ ಪಕ್ಕ ಮಣ್ಣು ಮಾಡ್ಬೇಕು. ಅಂಗಂತ ಕೇಳ್ಕೊಂಡಿದ್ಳು ಅವ್ಳು. ಗೇಟ್ ತೆಗಿಸ್ಕೊಡಿ, ಸಾಕು."

ಅಲ್ಲಾಳಸಂದ್ರದ ಕೆರೆಯಾಚೆ ಇದ್ದ ಕಾಲೊನಿಯವರ ಮಸಣ ಈಗ ಲಕ್ಕಣ್ಣನ ಲೇಔಟಿನ ಗೋಡೆಯೊಳಗಿತ್ತು. ಯಾವ ಕಾಗದ ಅದನ್ನು ಒಳಗೆ ಎಳೆದುಕೊಂಡಿತೋ ಮುನಿಆಂಜಿನಪ್ಪನಿಗೆ ತಿಳಿಯದು. ಗೋಡೆ ಏಳುವಾಗ ಲಕ್ಕಣ್ಣ, "ಸತ್ತಾಗ ಬನ್ರಲಾ, ಗೇಟ್ ತೆಗೀತೀನಿ" ಎಂದು ಮನೆದೇವರ ಮೇಲೆ ಆಣೆ ಇಟ್ಟಿದ್ದ. ಗೋಡೆ ಎದ್ದ ಮೇಲೆ ಕಾಲೊನಿಯಲ್ಲಿ ಸತ್ತವರಲ್ಲಿ ಅಕ್ಕಯ್ಯಮ್ಮನೇ ಮೊದಲಿಗಳು.

"ಇವತ್ತು ಐರ್ಲೆಂಡಿನವ್ರ ಹಬ್ಬ ಐತೆ, ಗೊತ್ತಲ್ಲ? ಇಪ್ಪತ್ತು ಮನೆ ಬಾಡಿಗೆಗೆ ಹಿಡ್ದವ್ರೆ ಅವ್ರು. ತಮಟೆ ಬೇಕು ಅಂತ ಬಾಯ್ಬಿಟ್ಟು ಕೇಳವ್ರೆ. ನೀನು ಬಾರಿಸ್ಬೇಕು. ಹಬ್ಬ ಮುಗೀಲಿ, ಆರು ಗಂಟೆ ಮೇಲೆ ಹಿಂದ್ಗಡೆ ಗೇಟಲ್ಲಿ ಎತ್ಕೊಂಡ್ ಬನ್ನಿ. ತಮಟೆ ಗಿಮಟೆ ಇಲ್ಲ, ಅಳೋದೂ ಇಲ್ಲ."

"ಅವ್ವನ್ನ ಮನೇಲಿ ಕೂರಿಸ್ಕೊಂಡು ಇನ್ನೊಬ್ರ ಹಬ್ಬಕ್ಕೆ ಎಂಗೆ ಬಾರಿಸ್ಲಿ ಗೌಡ್ರೆ?"

"ಕೈಯಾಗೆ ಬಾರಿಸು. ಆಗಲ್ಲ ಅಂದ್ರೆ ಹೆಬ್ಬಾಳದ ಕರೆಂಟ್ ಒಲೇಗೆ ಒಯ್ದು ಸುಡ್ಕೋ ಓಗು."

ಲಕ್ಕಣ್ಣನ ಅಪ್ಪ ಸತ್ತಾಗ ಮುನಿಆಂಜಿನಪ್ಪ ಮನೆಯಿಂದ ತೋಟದವರೆಗೆ ಮೂರು ಗಂಟೆ ತಮಟೆ ಬಡಿದಿದ್ದ. ಅಕ್ಕಯ್ಯಮ್ಮ ಎದೆ ಬಡಿದುಕೊಂಡು, ತನ್ನ ಗಂಡನಿಗೂ ಅಷ್ಟು ಅತ್ತಿರಲಿಲ್ಲ ಎನ್ನುವಂತೆ ಅತ್ತಿದ್ದಳು. ಅದನ್ನೇ ನೆನೆಯುತ್ತಾ ಮುನಿಆಂಜಿನಪ್ಪ ಮನೆಗೆ ಹೋದ.

ಅಕ್ಕಯ್ಯಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆಗೆ ನಾಣ್ಯ ಅಂಟಿಸಿದ್ದರು. ಅವನ ಅಕ್ಕ ರತ್ನಕ್ಕ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಳು. ಅವನು ಗೂಟದಿಂದ ತಮಟೆ ಇಳಿಸಿದಾಗ ಅವಳು ಮುಖ ಎತ್ತಿದಳು.

"ಓಗ್ತೀಯಾ?"

"ಓಗ್ದಿದ್ರೆ ಗೇಟ್ ತೆಗಿಯಲ್ವಂತೆ. ಎತ್ತೋದು ಆರು ಗಂಟೆ ಮೇಲಂತೆ, ತಮಟೆ ಇಲ್ದಂಗೆ."

"ಓಗು. ಎತ್ತೋ ಹೊತ್ಗೆ ನಿನ್ ತಮಟೆ ಇರ್ಬೇಕು ಅಂದಿದ್ಳು ಅವ್ವ. ಅದೂ ಇಲ್ಲಾಂತಾಯ್ತು."

ಮಧ್ಯಾಹ್ನ ಮೂರಕ್ಕೆ ಮುನಿಆಂಜಿನಪ್ಪ, ಅವನ ಜೊತೆಗಾರ ಪಿಳ್ಳಣ್ಣ, ಮತ್ತಿಬ್ಬರು ಲೇಔಟಿನ ಕ್ಲಬ್ಬಿಗೆ ಹೋದರು. ಎಲ್ಲೆಲ್ಲೂ ಹಸಿರು. ಬಲೂನು ಹಸಿರು, ಮೇಜಿನ ಬಟ್ಟೆ ಹಸಿರು, ಬಿಯರಿಗೂ ಬಣ್ಣ ಕಲಸಿ ಹಸಿರು ಮಾಡಿದ್ದರು. ವೇದಿಕೆಯ ಹಿಂದೆ ಹಸಿರು, ಬಿಳಿ, ಕಿತ್ತಳೆಯ ನೆಟ್ಟಗೆ ನಿಂತ ಪಟ್ಟಿಗಳ ಬಾವುಟ.

"ನಮ್ ಬಾವುಟಾನೇ ಎತ್ತಿ ನಿಲ್ಸಿ ಚಕ್ರ ಕಿತ್ತವ್ರಲ್ಲೋ" ಎಂದ ಪಿಳ್ಳಣ್ಣ.

ಲಕ್ಕಣ್ಣನ ಮಗ ಶರತ್ ಬಂದು ನಾಲ್ವರಿಗೂ ಹಸಿರು ಕಾಗದದ ಟೋಪಿ ಕೊಟ್ಟ. ತನ್ನ ಅಪ್ಪನ ವಯಸ್ಸಿನ ಮುನಿಆಂಜಿನಪ್ಪನ ತಲೆಗೆ ತಾನೇ ಒತ್ತಿ ಕೂರಿಸಿದ. "ನಗ್ತಾ ಬಾರಿಸ್ಬೇಕು ಅಂಜಿನಿ, ಓಕೆ? ಸಾವಿನ್ ಮುಖ ಹೊತ್ಕೊಂಡ್ ನಿಂತ್ಕೋಬೇಡ. ಇಲ್ಲಿ ಬೆಂಕಿ ಹಾಕ್ಬೇಡಿ, ಹುಲ್ಲು ಸುಟ್ಟೋಗುತ್ತೆ. ಹಿಂದ್ಗಡೆ ಹೋಗಿ ಕಾಯಿಸ್ಕೊಳ್ಳಿ."

ಕಾಯಿಸದೆ ತಮಟೆ ನುಡಿಯದು. ಚರ್ಮ ಬಿಗಿಯಬೇಕು. ಒಣಹುಲ್ಲು ಹಿಡಿದು ಕ್ಲಬ್ಬಿನ ಹಿಂದಕ್ಕೆ ಹೋದವರು ಹಾಗೇ ನಿಂತರು. ಹೊಂಗೆ ಮರವಿರಲಿಲ್ಲ. ಅದು ಇರಬೇಕಾದ ಕಡೆ ನೀಲಿ ಟೈಲ್ಸಿನ ಈಜುಕೊಳವಿತ್ತು. ಅಂಚಿನಲ್ಲಿ ಚಡ್ಡಿ ಹಾಕಿಕೊಂಡ ಬಿಳಿಯ ಮಗುವೊಂದು ಕಾಲು ಇಳಿಬಿಟ್ಟು ಕೂತಿತ್ತು.

ಮುನಿಆಂಜಿನಪ್ಪ ಓಡಿ ಹೋಗಿ ಶರತ್‌ನನ್ನು ಹಿಡಿದ. "ಅಯ್ಯಾ, ನಮ್ಮಪ್ಪನ ಗುಂಡಿ ಎಲ್ಲೋಯ್ತು?"

"ಅದು ಪೂಲ್ ಆಗಿ ಎರಡು ತಿಂಗ್ಳಾಯ್ತಲ್ಲ. ಡ್ಯಾಡಿ ಹೇಳ್ಲಿಲ್ವಾ? ಆಚೆ ಮೋರಿ ಪಕ್ಕ ಜಾಗ ತೋರಿಸ್ತಾರೆ, ಅಡ್ಜಸ್ಟ್ ಮಾಡ್ಕೊಳ್ಳಿ."

"ಮೂಳೆಗಳು?"

"ನಂಗೇನ್ ಗೊತ್ತು ಗುರು. ಜೆಸಿಬಿಯವ್ನು ಎಲ್ಲ ಮಣ್ಣು ಲಾರೀಗೆ ತುಂಬ್ದ. ಟೈಮಾಯ್ತು, ನಡಿ."

ಮುನಿಆಂಜಿನಪ್ಪ ಹಿಂದಕ್ಕೆ ಬಂದು ಕೊಳದ ಅಂಚಿನಲ್ಲಿ ನಿಂತ. ಹುಲ್ಲಿಗೆ ಬೆಂಕಿ ಕೊಟ್ಟವನು ಪಿಳ್ಳಣ್ಣ. ನಾಲ್ವರೂ ತಮಟೆ ಕಾಯಿಸಿಕೊಂಡರು. ಅಪ್ಪ ಯಾವ ಲಾರಿಯಲ್ಲಿ ಯಾವ ಲೇಔಟಿನ ಹಳ್ಳ ತುಂಬಲು ಹೋದನೋ ಎಂದುಕೊಂಡ ಮುನಿಆಂಜಿನಪ್ಪ.

ಹುಲ್ಲಿನ ಅಂಗಳಕ್ಕೆ ಮರಳಿದಾಗ ಐರ್ಲೆಂಡಿನವರ ಕಂಪನಿಯ ದೊಡ್ಡವನು ಡೆಕ್ಲನ್ ಎದುರಾದ. ಕೆಂಪು ಗಡ್ಡದ ದಪ್ಪ ಮನುಷ್ಯ, ಮುಖದ ತುಂಬ ನಗು. ಮುನಿಆಂಜಿನಪ್ಪನ ಹೆಗಲಿಗೆ ಕೈ ಹಾಕಿ ಹಸಿರು ಬಿಯರಿನ ಲೋಟವನ್ನು ಬಾಯಿಗೇ ಹಿಡಿದ. ತಾಯಿಯ ಮಣ್ಣಾಗುವವರೆಗೆ ಹನಿ ನೀರೂ ಕುಡಿಯಬಾರದೆಂದು ಬೆಳಗಿನಿಂದ ಬಾಯಿ ಒಣಗಿಸಿಕೊಂಡಿದ್ದ ಮಗ ಮುಖ ತಿರುಗಿಸಿದ.

ಲಕ್ಕಣ್ಣ ಹಲ್ಲು ಕಿರಿದುಕೊಂಡೇ ಹತ್ತಿರ ಬಂದ. ಅವನ ಕೊರಳಲ್ಲೂ ಹಸಿರು ಶಾಲಿತ್ತು. "ಕುಡಿಯಲೇ ಸೂಳೆಮಗನೆ. ಸಾಹೇಬ್ರ ಕೈ ತಳ್ತೀಯಾ? ಹೆಣ ಒಳಕ್ ಬರ್ಬೇಕಾ ಬ್ಯಾಡ್ವಾ?"

ಅವನು ಕುಡಿದ. ಒಂದೊಂದು ಗುಟುಕಿಗೂ ಸುತ್ತಲಿನವರು ಕೂಗಿ ಎಣಿಸಿದರು. ಲೋಟ ಬರಿದಾದಾಗ ಡೆಕ್ಲನ್ ಅವನ ಬೆನ್ನು ತಟ್ಟಿದ. ಗಲ್ಲದ ಮೇಲೆ ಇಳಿದ ಹಸಿರು ನೊರೆಯನ್ನು ಅವನು ಒರೆಸಿಕೊಳ್ಳಲಿಲ್ಲ.

ಆಮೇಲೆ ಡೆಕ್ಲನ್ ವೇದಿಕೆ ಹತ್ತಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಲಕ್ಕಣ್ಣನ ನೆಂಟರಿಗೂ ತಿಳಿಯಲೆಂದು ಶರತ್ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದ.

"ನಮ್ದು ಚಿಕ್ಕ ದೇಶ ಅಂತಿದಾರೆ. ಎಂಟುನೂರು ವರ್ಷ ಇಂಗ್ಲಿಷ್‌ನವ್ರು ಆಳಿದ್ರಂತೆ. ಇವ್ರ ಲ್ಯಾಂಡ್ ಕಿತ್ಕೊಂಡು, ಇವ್ರನ್ನೇ ಅದ್ರಲ್ಲಿ ಕೂಲಿ ಇಟ್ಕೊಂಡ್ರಂತೆ. ಗೇಣಿ ಕೊಡ್ದಿದ್ರೆ ಜಮೀನ್ದಾರ್ರು ಬಂದು ಮನೆ ಸೂರು ಕೀಳಿಸ್ತಿದ್ರಂತೆ, ಮಳೇಲಿ."

"ಥೂ, ಎಂಥಾ ಕಟುಕ ನನ್ಮಕ್ಳು" ಎಂದ ಲಕ್ಕಣ್ಣ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಿಜಕ್ಕೂ ಮರುಗಿದ್ದ.

"ಹೊಟ್ಟೇಗಿಲ್ದೆ ಹಡಗು ಹತ್ತಿದ್ರಂತೆ. ಇವ್ರ ತಾತ ಅಮೆರಿಕಾದಲ್ಲಿ ಸುರಂಗ ತೋಡ್ತಾ ತೀರ್ಕೊಂಡ್ರಂತೆ. ಜೊತೆ ಕೂಲಿಯವ್ರು ಚಂದಾ ಎತ್ತಿ ಬಾಡೀನ ಹಡಗಲ್ಲಿ ಊರಿಗೆ ಕಳ್ಸಿದ್ರಂತೆ, ಅವ್ರಪ್ಪನ ಪಕ್ಕದಲ್ಲೇ ಹೂಳ್ಬೇಕು ಅಂತ. ಎಲ್ಲೇ ದುಡೀಲಿ, ಎಲ್ಲೇ ಸಾಯ್ಲಿ, ನಮ್ಮೋರ ಮಣ್ಣು ನಮ್ಗೆ ಸೇರ್ಬೇಕು, ಯಾವ ಜಮೀನ್ದಾರನೂ ಅದನ್ನ ತಡೀಬಾರ್ದು, ಅದೇ ಐರಿಶ್‌ನವ್ರ ಹೆಮ್ಮೆ ಅಂತಿದಾರೆ."

ಡೆಕ್ಲನ್ ಕಣ್ಣೊರೆಸಿಕೊಂಡ. ಲಕ್ಕಣ್ಣ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮುನಿಆಂಜಿನಪ್ಪ ಆ ಕೆಂಪು ಗಡ್ಡದವನನ್ನೇ ನೋಡುತ್ತಿದ್ದ. ಸುರಂಗ ತೋಡಿದವನಿಗೂ ಅಪ್ಪನ ಪಕ್ಕದ ಜಾಗ ಸಿಕ್ಕಿತ್ತು.

"ಮೆರವಣಿಗೆ ಶುರು. ಬಾರಿಸ್ರೋ" ಎಂದು ಶರತ್ ಕೈ ಬೀಸಿದ.

ಈ ಸೀಮೆಯಲ್ಲಿ ಮದುವೆಗೊಂದು ಬಡಿತ, ದೇವರಿಗೊಂದು, ಸಾವಿಗೊಂದು. ಬೀದಿಯಲ್ಲಿ ಆಡುವ ಮಕ್ಕಳೂ ದೂರದಿಂದ ಕೇಳಿ ಯಾವುದೆಂದು ಹೇಳಿಬಿಡುತ್ತವೆ. ಮುನಿಆಂಜಿನಪ್ಪ ಸಾವಿನದನ್ನು ಎತ್ತಿದ. ಪಿಳ್ಳಣ್ಣ ಗಕ್ಕನೆ ಅವನ ಮುಖ ನೋಡಿದ, ಆಮೇಲೆ ಕಣ್ಣು ಮುಚ್ಚಿ ತಾನೂ ಕೂಡಿಕೊಂಡ. ನಾಲ್ಕು ತಮಟೆಗಳೂ ಒಂದಾದವು.

ಐರ್ಲೆಂಡಿನವರಿಗೆ ಅದು ಬಹಳ ಹಿಡಿಸಿತು. ಹೆಂಗಸರು, ಗಂಡಸರು, ಮಕ್ಕಳು ಬಾವುಟ ಬೀಸುತ್ತಾ ಕುಣಿದರು. ಲಕ್ಕಣ್ಣನ ನೆಂಟರು ಒಬ್ಬೊಬ್ಬರಾಗಿ ಕುರ್ಚಿ ಬಿಟ್ಟು ಎದ್ದರು. ಲಕ್ಕಣ್ಣನ ಮುಖ ಬಿಳಿಚಿಕೊಂಡಿತು.

"ಯಾರಿಗೆ ಬಾರಿಸ್ತಿದ್ದೀಯಲೋ ಇದನ್ನ? ನಿಲ್ಸು. ನಿನ್ ಕೈ ಮುರಿದಾಕ್ತೀನಿ."

ಅಷ್ಟರಲ್ಲಿ ಡೆಕ್ಲನ್ ಬಂದು ಲಕ್ಕಣ್ಣನ ಎರಡೂ ಕೈ ಹಿಡಿದು ನಡುವಿಗೆ ಎಳೆದ. ಇಪ್ಪತ್ತು ಮನೆ ಬಾಡಿಗೆಗೆ ಹಿಡಿದವನ ಕೈ ಕೊಡವಿಕೊಳ್ಳಲು ಆಗುತ್ತದೆಯೇ? ಲಕ್ಕಣ್ಣ ಹಲ್ಲು ಕಿರಿಯುತ್ತಾ, ಬೆವರುತ್ತಾ, ಸಾವಿನ ತಮಟೆಗೆ ಹೆಜ್ಜೆ ಹಾಕಿದ.

ಗೋಡೆಯಾಚೆ ಕಾಲೊನಿಯಲ್ಲಿ ರತ್ನಕ್ಕ ತಲೆ ಎತ್ತಿದಳು. "ಅವ್ವನ್ನ ಎತ್ರಪ್ಪಾ, ತಮ್ಮ ಕರೀತಾವ್ನೆ" ಎಂದಳು.

ಮುಂದಿನ ಗೇಟಿನ ವಾಚ್‌ಮನ್ ಬಾಲರಾಜ್ ಅದೇ ಕಾಲೊನಿಯವನು. ಚಟ್ಟ ಬರುವುದನ್ನು ಕಂಡು, ಸಂಬಳ, ಯೂನಿಫಾರ್ಮು ಎಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂದರೂ, ಗೇಟಿನ ಎರಡೂ ಬಾಗಿಲನ್ನು ಅಗಲವಾಗಿ ತೆರೆದ.

ಹೂವಿನ ಚಟ್ಟದಲ್ಲಿ ಕೂತ ಅಕ್ಕಯ್ಯಮ್ಮ ಪುರಿ ಎರಚುವವರ ಹಿಂದೆ ಒಳಗೆ ಬಂದಳು. ಕುಣಿಯುತ್ತಿದ್ದವರು ಹೋ ಎಂದು ದಾರಿ ಬಿಟ್ಟರು, ಫೋಟೊ ತೆಗೆದರು. ಯಾವುದೋ ದೇವತೆ ಎಂದುಕೊಂಡು ಒಬ್ಬಳು ತನ್ನ ಹಸಿರು ಶಾಲನ್ನು ಅವಳ ಕೊರಳಿಗೆ ಹಾಕಲು ಬಗ್ಗಿದಳು. ಮೂಗಿನ ಹತ್ತಿ ಕಂಡಿತು. ಅವಳು ಕಿರುಚಿ ಹಿಂದಕ್ಕೆ ಬಿದ್ದಳು.

ಡೆಕ್ಲನ್ ಟೋಪಿ ತೆಗೆದ. ಶರತ್‌ನತ್ತ ತಿರುಗಿ ಏನೋ ಕೇಳಿದ. "ಲೋಕಲ್ ಫೆಸ್ಟಿವಲ್ ಸಾರ್" ಎಂದ ಶರತ್. ಡೆಕ್ಲನ್ ಹೆಣವನ್ನು ನೋಡಿದ, ತಮಟೆಯವನ ಗಲ್ಲದಲ್ಲಿ ಒಣಗಿದ ಹಸಿರನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾರಿನ ಕಡೆ ಬಿರುಬಿರನೆ ನಡೆದ.

"ಪೊಲೀಸ್ರನ್ನ ಕರೆಸ್ತೀನಿ, ಒಬ್ಬೊಬ್ಬನ್ನೂ ಒಳಗಾಕ್ಸ್ತೀನಿ" ಎಂದು ಲಕ್ಕಣ್ಣ ಫೋನು ಹುಡುಕುತ್ತಿದ್ದ.

"ಕರ್ಸಿ ಗೌಡ್ರೆ. ಅವ್ರು ಬರೋಷ್ಟ್ರಲ್ಲಿ ಗುಂಡಿ ಎದೆಮಟ್ಟ ಆಗಿರ್ತದೆ" ಎಂದ ಮುನಿಆಂಜಿನಪ್ಪ.

ಅಕ್ಕಯ್ಯಮ್ಮನನ್ನು ವೇದಿಕೆಯ ಮೇಲೆ, ಡೆಕ್ಲನ್ ನಿಂತು ಮಾತಾಡಿದ್ದ ಜಾಗದಲ್ಲೇ ಇಳಿಸಿದರು. ಪಿಳ್ಳಣ್ಣ ಮಾಲಿಯ ಕೋಣೆಯಿಂದ ಗುದ್ದಲಿ ತಂದ. ಮುನಿಆಂಜಿನಪ್ಪ ಕಾಗದದ ಟೋಪಿ ಬಿಸಾಕಿ, ತಮಟೆಯನ್ನು ರತ್ನಕ್ಕನ ಕೈಗೆ ಕೊಟ್ಟ. ಹುಟ್ಟಿದಾಗಿನಿಂದ ಹೆಂಗಸರು ಮುಟ್ಟಬಾರದೆಂದು ಕೇಳಿಕೊಂಡು ಬಂದ ತಮಟೆ. ಅವಳು ಅದನ್ನು ಎದೆಗೆ ಹಾಕಿಕೊಂಡು, ತಪ್ಪುತ್ತಾ ತಪ್ಪುತ್ತಾ ಬಡಿಯತೊಡಗಿದಳು. ಅವನು ಲಕ್ಕಣ್ಣನ ಹುಲ್ಲಿನ ನಟ್ಟನಡುವೆ ನಿಂತು ಗುದ್ದಲಿ ಎತ್ತಿದ. ಅಂಗಡಿಯಿಂದ ತಂದು ಹಾಸಿದ ಹುಲ್ಲು ಒಂದೇ ಏಟಿಗೆ ಚಾಪೆಯಂತೆ ಎದ್ದು ಬಂತು. ಕೆಳಗೆ ಕೆಂಪು ಮಣ್ಣಿತ್ತು.