ಮುನೀಂದ್ರನ ಎರಡು ಸೀಟಿ

ಏನೇ ಆದರೂ ಇವತ್ತಿನ ಸಭೆಯಲ್ಲಿ ಕೈ ಎತ್ತಬಾರದು ಎಂದು ಅಂಬಣ್ಣ ಮನೆಯಲ್ಲೇ ತೀರ್ಮಾನ ಮಾಡಿಕೊಂಡಿದ್ದ. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಬಸ್ ಡಿಪೋ ಗೇಟಿನಲ್ಲಿ ಸಂಘದ ಸಭೆಯಿತ್ತು. ಹೊಸ ವೇತನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾಯಕರಿಗೆ ನೌಕರರ ಒಪ್ಪಿಗೆ ಬೇಕು. ಸಂಬಳದ ಮಾತು ಹಾಗಿರಲಿ, ಅಂಬಣ್ಣನಿಗೆ ಇದ್ದ ಚಿಂತೆ ಒಂದೇ. ಹೊಸ ಎಲೆಕ್ಟ್ರಿಕ್ ಬಸ್ಸುಗಳು ಬರುವಾಗ ಬಸ್ಸು ಕೊಡುವ ಕಂಪನಿಯವರು ತಮ್ಮ ಡ್ರೈವರುಗಳನ್ನೂ ಜೊತೆಗೇ ಕಳಿಸುತ್ತಾರೆ. ಹಾಗಾದರೆ ಹಳಬರು ಏನು ಮಾಡಬೇಕು? ಗೇಟು ಕಾಯಬೇಕು, ಇಲ್ಲವೇ ವರ್ಕ್‌ಶಾಪಿನಲ್ಲಿ ಟೈರು ಉರುಳಿಸಬೇಕು. ನಿವೃತ್ತಿಯಾಗುವವರೆಗೆ ಸ್ಟೀರಿಂಗ್ ತನ್ನ ಕೈಯಲ್ಲೇ ಇರಬೇಕು ಎಂಬುದು ಅವನ ಆಸೆ. ಯಾದಗಿರಿ ಕಡೆಯಿಂದ ಬಂದು ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅರ್ಧ ಆಯಸ್ಸು ಕಳೆದವನಿಗೆ ಈ ಊರಲ್ಲಿ ತನ್ನದು ಅಂತ ಇದ್ದದ್ದು ಡ್ರೈವರ್ ಸೀಟೊಂದೇ.

"ಸ್ಟೀರಿಂಗ್ ಯಾರದೂ ಹೋಗಂಗಿಲ್ಲ ಅಂತ ನಿಮ್ಮ ಲೀಡರ್ ಹೇಳ್ಯಾನಂತಲ್ರಿ," ಎಂದಳು ಹೆಂಡತಿ ಜಟ್ಟೆಮ್ಮ, ಬುತ್ತಿ ಕಟ್ಟುತ್ತಾ.

"ಹೇಳ್ಯಾನ."

"ಮತ್ತ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ?"

"ಹೋದ ಸಲಾನೂ ಹೇಳಿದ್ದ ನೋಡು, ಅದಕ್ಕ."

ಹೋದ ಸಲ ಹೇಳಿದ್ದು ಡ್ರೈವರುಗಳ ವಿಶ್ರಾಂತಿ ಕೋಣೆಗೆ ಫ್ಯಾನು ಬರುತ್ತದೆ ಅಂತ. ಛಾವಣಿಗೆ ಕೊಕ್ಕೆ ಬಂತು, ಫ್ಯಾನು ಬರಲಿಲ್ಲ. ಈಗ ಆ ಕೊಕ್ಕೆಗೆ ಎಲ್ಲರೂ ಬುತ್ತಿಚೀಲ ನೇತುಹಾಕುತ್ತಾರೆ. ಅದಕ್ಕೂ ಹಿಂದಿನ ಸಲ, ಮುಷ್ಕರ ಮಾಡಿದವರ ಕೂದಲೂ ಕೊಂಕುವುದಿಲ್ಲ ಎಂದಿದ್ದ. ಕೂದಲು ಕೊಂಕಲಿಲ್ಲ ನಿಜ. ಅಂಬಣ್ಣನನ್ನು ಮಾತ್ರ ಊರಾಚೆಯ ಡಿಪೋಗೆ ಎತ್ತಿ ಹಾಕಿದರು. ವಾಪಸು ಬರುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು.

ಬೇರೆ ಯಾವ ನಾಯಕನಾಗಿದ್ದರೂ ಅಂಬಣ್ಣ ಎರಡು ಮಾತು ಬೈದು ಮರೆಯುತ್ತಿದ್ದ. ಆದರೆ ಈ ಮುನೀಂದ್ರ ಒಂದು ಕಾಲದಲ್ಲಿ ಅವನದೇ ಬಸ್ಸಿನ ಕಂಡಕ್ಟರು. ಶಿವಾಜಿನಗರದಿಂದ ಕೆ.ಆರ್.ಪುರಕ್ಕೆ ಇಬ್ಬರೂ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಓಡಾಡಿದವರು. ಎಂಥ ಕಾಲ ಅದು! ಬೆಳಗಿನ ಮೊದಲ ಟ್ರಿಪ್ಪಿಗೆ ಶಿವಾಜಿನಗರದ ಸ್ಟ್ಯಾಂಡಿನಲ್ಲಿ ಮೀನಿನ ಬುಟ್ಟಿ, ಮಲ್ಲಿಗೆ ಮೂಟೆ, ಬಿಸಿ ಬನ್ನು ಎಲ್ಲದರ ವಾಸನೆ ಒಟ್ಟಿಗೇ ಬಸ್ಸು ಹತ್ತುತ್ತಿತ್ತು. ಮುನೀಂದ್ರ ತಮಿಳಿನವರನ್ನು ತಮಿಳಿನಲ್ಲಿ, ಸಾಬರನ್ನು ಉರ್ದುವಿನಲ್ಲಿ, ಉಳಿದವರನ್ನು ತನ್ನ ಹೊಸಕೋಟೆ ಕನ್ನಡದಲ್ಲಿ ಕೂಗಿ ಕರೆಯುತ್ತಿದ್ದ. ಹಲಸೂರು ಕೆರೆಯ ಗಾಳಿ ಕಿಟಕಿಯಿಂದ ಬೀಸಿದರೆ ಎಂಜಿನ್ನಿನ ಬಿಸಿಯಲ್ಲೂ ಹಾಯೆನಿಸುತ್ತಿತ್ತು. ಇಂದಿರಾನಗರದ ರಸ್ತೆಯಲ್ಲಿ ಮರಗಳ ನೆರಳಿತ್ತು, ತಲೆಯ ಮೇಲೆ ಮೆಟ್ರೋ ಇರಲಿಲ್ಲ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬುತ್ತಿ ಬಿಚ್ಚಿದರೆ ಜಟ್ಟೆಮ್ಮನ ಜೋಳದ ರೊಟ್ಟಿಯಲ್ಲಿ ಮುನೀಂದ್ರನಿಗೆ ಅರ್ಧ ಪಾಲು. "ಅತ್ತಿಗೆ ಕೈಗೆ ಚಿನ್ನದ ಬಳೆ ಹಾಕ್ಬೇಕು ಗುರು," ಎನ್ನುತ್ತಿದ್ದ. ಆ ಬಳೆಯೂ ಬರಲಿಲ್ಲ ಅನ್ನಿ. ಆಗ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ತುಂಬಿದ ಬಸ್ಸಿನಲ್ಲಿ ಡ್ರೈವರನಿಗೆ ಹಿಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಕಂಡಕ್ಟರನ ಸೀಟಿಯೇ ಅವನ ಕಣ್ಣು. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಒಮ್ಮೆ ಹಲಸೂರಿನ ಸ್ಟಾಪಿನಲ್ಲಿ ಬಸ್ಸು ನಿಂತಿದ್ದು ನಿಂತೇ ಇತ್ತು. ಜನ ಕೂಗಾಡಿದರು, ಆಫೀಸಿಗೆ ಹೊರಟ ಒಬ್ಬರು ಕಂಪ್ಲೇಂಟು ಕೊಡುತ್ತೇನೆಂದು ಗದರಿದರು. ಮುನೀಂದ್ರ ಸೀಟಿ ಊದಲಿಲ್ಲ. ಹೂ ಮಾರುವ ಶಂಶುನ್ನೀಸಾಳ ಬುರ್ಖಾದ ಅಂಚು ಹಿಂದಿನ ಬಾಗಿಲಿನ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಅವನು ಕೂತು ಅದನ್ನು ಬಿಡಿಸಿ, ಆಕೆ ಫುಟ್‌ಪಾತು ಹತ್ತಿದ ಮೇಲೆ ಎರಡು ಸೀಟಿ ಊದಿದ. "ಹಿಂದಿನ ಬಾಗ್ಲು ನೋಡ್ದೆ ನಾನು ಊದಲ್ಲ," ಎಂದ ಆಮೇಲೆ, ಅಷ್ಟೇ. ಅವತ್ತಿನಿಂದ ಅವನು ಎರಡು ಸೀಟಿ ಊದಿದರೆ ಅಂಬಣ್ಣ ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಕಾಲು ತಾನಾಗಿಯೇ ಕ್ಲಚ್ಚು ಬಿಡುತ್ತಿತ್ತು.

ಸಭೆಗೆ ಮುನೀಂದ್ರ ಕಾರಿನಲ್ಲಿ ಬಂದಿಳಿದ. ಬಿಳಿ ಅಂಗಿ, ಹೆಗಲ ಮೇಲೆ ಸಂಘದ ಶಾಲು, ಸ್ವಲ್ಪ ಹೊಟ್ಟೆ. ಅಂಬಣ್ಣನನ್ನು ಕಂಡು ದೂರದಿಂದಲೇ ಕೈ ಮುಗಿದ. ಗೇಟಿನ ಕಟ್ಟೆ ಹತ್ತಿ ಮಾತು ಶುರು ಮಾಡಿದ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ.

"ಒಬ್ಬೇ ಒಬ್ಬ ಡ್ರೈವರ್ನ ಸ್ಟೀರಿಂಗಿಂದ ಎಬ್ಸಲ್ಲ. ಇದು ನನ್ನ ಗ್ಯಾರಂಟಿ!"

"ಫ್ಯಾನೂ ಅವ್ರದ್ದೇ ಗ್ಯಾರಂಟಿ," ಎಂದ ಕಂಡಕ್ಟರ್ ಅಫ್ತಾಬ್, ಅಂಬಣ್ಣನ ಕಿವಿಯಲ್ಲಿ. "ಏನ್ ಮಾಡ್ತೀಯ ಅಂಬಣ್ಣ, ಎತ್ತುತೀಯಾ?"

"ಎತ್ತಲ್ಲ."

ಈ ಡಿಪೋದಲ್ಲಿ ಜೈಕಾರ ಹಾಕುವ ರೂಢಿಯಿಲ್ಲ. ಒಪ್ಪಿಗೆಯಿದ್ದರೆ ಕಂಡಕ್ಟರುಗಳು ಎರಡು ಸೀಟಿ ಊದುತ್ತಾರೆ, ಡ್ರೈವರುಗಳು ಕೈ ಎತ್ತುತ್ತಾರೆ. ಮುನೀಂದ್ರ "ಒಪ್ಪಿಗೆನಾ?" ಎಂದು ಕೇಳಿದ. ಯಾರೂ ಊದಲಿಲ್ಲ. ಇನ್ನೊಮ್ಮೆ ಕೇಳಿದ. ಒಂದು ಕೈಯೂ ಏಳಲಿಲ್ಲ. ಆಗ ಅವನು ಜೇಬಿನಿಂದ ತನ್ನ ಹಳೇ ಸೀಟಿ ತೆಗೆದು ತಾನೇ ಊದಿಬಿಟ್ಟ. ಒಂದು ಗಿಡ್ಡ, ಒಂದು ಉದ್ದ. ಅದೇ ಎರಡು ಸೀಟಿ.

ಅಂಬಣ್ಣನ ಕೈ ಮೇಲಿತ್ತು.

ತಾನೇ ಎತ್ತಿದ್ದೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಅಕ್ಕಪಕ್ಕದ ಕೈಗಳೂ ಎದ್ದಿದ್ದವು. ಹಳಬ ಎತ್ತಿದ್ದಾನೆ, ಏನೋ ಗೊತ್ತಿರಬೇಕು ಎಂದುಕೊಂಡು ಹೊಸ ಹುಡುಗರೂ ಎತ್ತಿದರು. ಮುನೀಂದ್ರನ ಮುಖ ಅರಳಿತು. ಅಂಬಣ್ಣನಿಗೆ ತನ್ನ ಕೈಯ ಮೇಲೆ ಎಂದೂ ಇಲ್ಲದ ಸಿಟ್ಟು ಬಂತು. ಇಷ್ಟು ವರ್ಷದ ನಂಬಿಕೆಯನ್ನು ಇವನು ಹೀಗೆ ಖರ್ಚು ಮಾಡುವುದೇ ಅನ್ನಿಸಿತು. ಜನರನ್ನು ಸರಿಸಿಕೊಂಡು ಕಟ್ಟೆಯ ಹತ್ತಿರ ಹೋದ.

"ಮುನೀಂದ್ರ, ಹಿಂದಿನ ಬಾಗ್ಲು ನೋಡಿ ಊದಿದ್ಯಾ?"

ಮುನೀಂದ್ರ ನಗಲು ನೋಡಿದ, ಆಗಲಿಲ್ಲ. "ಅದೇ ಅಂಬಣ್ಣ, ಸಾಹೇಬ್ರು ಬಾಯ್ಮಾತಲ್ಲಿ ಒಪ್ಕೊಂಡವ್ರೆ. ಒಪ್ಪಂದದಲ್ಲಿ ಆಮೇಲೆ ಸೇರಿಸ್ತಾರೆ..."

"ಅದಲ್ಲ ನಾನು ಕೇಳಿದ್ದು. ನೋಡಿದ್ಯಾ, ಇಲ್ವಾ?"

ಮುನೀಂದ್ರ ಶಾಲಿನ ತುದಿಯಿಂದ ಮುಖ ಒರೆಸಿಕೊಂಡ. ಸಾವಿರ ಜನರ ಮುಂದೆ ಯಾವ ಮಾತಿಗೂ ತಡವರಿಸದವನು ಕೊನೆಗೆ ಮೆಲ್ಲಗೆ, "ಇಲ್ಲ ಅಂಬಣ್ಣ. ನೋಡ್ಲಿಲ್ಲ," ಎಂದ.

ಮುಂದಿನ ಸಾಲಿನವರಿಗೆ ಕೇಳಿಸಿತು. ಅವರು ಕೈ ಇಳಿಸಿದರು. ಅದನ್ನು ನೋಡಿ ಹಿಂದಿನವರೂ ಇಳಿಸಿದರು. ಸ್ಟೀರಿಂಗಿನ ಮಾತನ್ನು ಒಪ್ಪಂದದಲ್ಲಿ ಬರೆಸಿಕೊಂಡು ಬಂದ ಮೇಲೆ ಮತ್ತೆ ಸಭೆ ಎಂದು ಯಾರೋ ಕೂಗಿ ಹೇಳಿದರು. ಮುನೀಂದ್ರ ಯಾರ ಮುಖವನ್ನೂ ನೋಡದೆ ಕಾರು ಹತ್ತಿದ.

"ಎಲ್ರ ಸ್ಟೀರಿಂಗೂ ಉಳಿಸ್ದೆ ಗುರು," ಎಂದು ಅಫ್ತಾಬ್ ಬೆನ್ನು ತಟ್ಟಿದ.

ಅಂಬಣ್ಣ ತಲೆಯಾಡಿಸಿದ. ಕಣ್ಣು ತುಂಬಿ ಬಂದಿದ್ದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಗೆದ್ದೆನೆಂಬ ಖುಷಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮುನೀಂದ್ರ "ನೋಡಿದೀನಿ" ಎಂದು ಒಂದೇ ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು, ಅಂಬಣ್ಣ ಅದನ್ನೂ ನಂಬಿ, ಸ್ಟೀರಿಂಗ್ ಬಿಟ್ಟುಕೊಟ್ಟು ಗೇಟು ಕಾಯಲು ಕೂತುಬಿಡುತ್ತಿದ್ದ.