ಗಾಲಿಯ ಮೇಲಿನ ಮನಿ

ಕಿತ್ತೂರಿನ ಹತ್ತಿರ ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿದಿತ್ತು. ರಸ್ತೆ ಕಂಪನಿಯವರು ಕ್ಯಾಂಪು ಬಿಚ್ಚುತ್ತಿದ್ದರು. ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿ. ಮೂರು ವರ್ಷ ಆ ಕ್ಯಾಂಪಿನಲ್ಲಿ ಅಡಿಗೆ ಮಾಡಿದ ಗೌರೀಶ ಹೊರಡುವಾಗ ಮ್ಯಾನೇಜರನ ಹತ್ತಿರ ಒಂದೇ ಒಂದು ವಸ್ತು ಕೇಳಿ ಇಸಿದುಕೊಂಡ. ಅದು ಇಂಜಿನಿಯರರು ಇರುತ್ತಿದ್ದ ಗಾಲಿಯ ಮನೆ. ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ಎರಡು ಕಿಟಕಿ, ಹಿಂದೆ ಒಂದು ಬಾಗಿಲು, ಒಳಗೆ ಎರಡು ಮಂಚ ಹಿಡಿಯುವಷ್ಟು ಜಾಗ. ಕ್ಯಾಂಪಿನವರೆಲ್ಲ ಅದಕ್ಕೆ ಡಬ್ಬಿ ಅನ್ನುತ್ತಿದ್ದರು. ಗೌರೀಶನ ಹೆಂಡತಿ ವಿಜಯ ಮಾತ್ರ ಮೊದಲ ದಿನದಿಂದಲೇ ಅದಕ್ಕೆ ಮನಿ ಅಂದಳು.

ಅವರಿಗೆ ಸ್ವಂತದ್ದು ಅಂತ ಒಂದು ಗೋಡೆಯೂ ಇರಲಿಲ್ಲ. ರಾಮದುರ್ಗದಲ್ಲಿ ವಿಜಯಳ ಸೋದರಮಾವನ ಖಾಲಿ ಜಾಗವಿತ್ತು. ಡಬ್ಬಿಯನ್ನು ಅಲ್ಲಿ ಒಯ್ದು ನಿಲ್ಲಿಸಿದರೆ ಅರ್ಧದಲ್ಲಿ ಖಾನಾವಳಿ, ಅರ್ಧದಲ್ಲಿ ಸಂಸಾರ. ಗೌರೀಶನ ತಾಯಿ ಗುರವ್ವ ಸೊಂಟದ ಎಲುಬು ಮುರಿದುಕೊಂಡು ಎರಡು ತಿಂಗಳಿಂದ ಯರಗಟ್ಟಿಯಲ್ಲಿ ದೊಡ್ಡಪ್ಪನ ಮಗ ಜಟ್ಟೆಪ್ಪನ ಮನೆಯಲ್ಲಿ ಮಲಗಿದ್ದಳು. ಅವಳನ್ನೂ ಕರೆದುಕೊಂಡು ಬರುವುದು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಡಬ್ಬಿ ಎಳೆಯುವುದಕ್ಕೆ ಕರೆಸಿದ್ದು ಬೈಲಹೊಂಗಲದ ರಾಯಪ್ಪನನ್ನು. ಐವತ್ತೆರಡರ ಆಳು. ಇಪ್ಪತ್ತೈದು ವರ್ಷ ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿ ಕಬ್ಬು ಹೇರಿದವನು, ಈಗ ಸ್ವಂತದ ಹಳೆಯ ಪಿಕಪ್ ಇಟ್ಟುಕೊಂಡಿದ್ದ. ಬಂದವನು ಮೊದಲು ಡಬ್ಬಿಯ ಕೆಳಗೆ ತೆವಳಿ ಹೋದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ, “ಗೌರೀಶಪ್ಪ, ಇದು ನನ್ನ ಗಾಡಿಕಿಂತ ಭಾರ ಐತ್ರಿ. ಎಳಿಯಾಕ ಎಳಿತೈತಿ. ಆದ್ರ ಇಳಕಲದಾಗ ಇದ ನನ್ನ ನೂಕತೈತಿ. ಟ್ರ್ಯಾಕ್ಟರ್ ತರಸ್ರಿ.”

“ಕಬ್ಬಿನ ಸೀಜನ್ ನಡದೈತಿ. ಯಾವ ಟ್ರ್ಯಾಕ್ಟರ್ ಬರತೈತ್ರಿ ರಾಯಪ್ಪಣ್ಣ? ನಾಡದು ಸಂಜಿಮುಂದ ಜಾಗಾ ಖಾಲಿ ಮಾಡ ಅಂದಾರ. ಇಲ್ಲಂದ್ರ ಗುಜರಿಯವರು ಕತ್ತರಿಸಿ ಒಯ್ತಾರ.”

ರಾಯಪ್ಪ ಬಾಗಿಲ ಹತ್ತಿರ ನಿಂತಿದ್ದ ವಿಜಯಳನ್ನು ನೋಡಿದ. ಅವಳು ಆಗಲೇ ಕಿಟಕಿಗೆ ಹಳೆಯ ಸೀರೆ ಹರಿದು ಪರದೆ ಕಟ್ಟಿದ್ದಳು. “ಆತು,” ಅಂದ. “ಆದ್ರ ನಾ ಹೇಳಿದಂಗ ಆಗಬೇಕು. ಒಜ್ಜಿ ಸಾಮಾನ ಎಲ್ಲಾ ಗಾಲಿಕಿಂತ ಮುಂದ ಇರಬೇಕು. ಹಿಂದಿನ ಅರ್ಧದಾಗ ಒಂದ ಚರಿಗಿ ಸೈತ ಇಡಬ್ಯಾಡ್ರಿ. ಹಿಂದ ಒಜ್ಜಿ ಆದ್ರ ಇದು ಬಾಲಾ ಬೀಸತೈತಿ, ಬೀಸಾಕ ಹತ್ತಿದ್ರ ನನ್ನ ಕೈಯಾಗ ಉಳಿಯಂಗಿಲ್ಲ. ಮತ್ತ ಒಳಗ ಯಾರೂ ಕುಂಡ್ರಂಗಿಲ್ಲ. ಒಂದ ಫರ್ಲಾಂಗ ಆದ್ರೂ ಕುಂಡ್ರಂಗಿಲ್ಲ.”

ಅವನು ಹೇಳಿದ ಹಾಗೆಯೇ ಆಯಿತು. ಗ್ಯಾಸಿನ ಒಲೆ, ಬೋಗುಣಿ, ಅಕ್ಕಿ ಚೀಲ ಎಲ್ಲವನ್ನೂ ಮುಂದಿನ ಗೋಡೆಗೆ ಒತ್ತಿ ಹಗ್ಗದಿಂದ ಬಿಗಿದರು. ಪಿಕಪ್ಪಿನ ಹಿಂದಿನ ಗಾಲಿ ನೆಲ ಹಿಡಿದು ನಡೆಯಲಿ ಅಂತ ರಾಯಪ್ಪ ಅದರಲ್ಲಿ ನಾಲ್ಕು ಚೀಲ ಉಸುಕು ಹಾಕಿದ. ಕೊಂಡಿಗೆ ಪಿನ್ ಇಳಿಸಿದ ಮೇಲೆ, ಪಿನ್ ಮುರಿದರೂ ಡಬ್ಬಿ ಬಿಟ್ಟು ಹೋಗಬಾರದೆಂದು ಎರಡು ಚೈನು ಅಡ್ಡಡ್ಡ ಸುತ್ತಿದ. ಡಬ್ಬಿಗೆ ತನ್ನದೇ ಬ್ರೇಕು ಇರಲಿಲ್ಲ. ಅದಕ್ಕೇ ಇಪ್ಪತ್ತೈದರ ಮೇಲೆ ಸ್ಪೀಡಿನ ಮುಳ್ಳು ಏರಿಸುವುದಿಲ್ಲ ಅಂದ.

ಮರುದಿನ ಬೆಳಿಗ್ಗೆ ಹೊರಟರು. ಮುಂದೆ ಮೂವರೂ ಕೂತಿದ್ದರು. ಹತ್ತು ಕಿಲೋಮೀಟರಿಗೊಮ್ಮೆ ರಾಯಪ್ಪ ಗಾಡಿ ನಿಲ್ಲಿಸಿ ಇಳಿದು, ಡಬ್ಬಿಯ ಗಾಲಿಯ ನಡುವಿನ ಗುಂಬಕ್ಕೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ, ಚೈನು ಎಳೆದು ನೋಡುತ್ತಿದ್ದ. ಬೈಲಹೊಂಗಲ ದಾಟಿದ ಮೇಲೆ ಗೌರೀಶ ನಗುತ್ತ, “ಹಿಂಗ ನಿಂತ್ರ ನಾವು ಯುಗಾದಿಗೆ ಮುಟ್ಟತೇವಿ,” ಅಂದ. ರಾಯಪ್ಪನೂ ನಕ್ಕ. ಎರಡೂ ಕಡೆ ಕಡಲೆ, ಬಿಳಿಜೋಳ. ವಿಜಯ ಕಟ್ಟಿಕೊಂಡು ಬಂದ ರೊಟ್ಟಿಯನ್ನು ಮೂವರೂ ಬೇವಿನ ಮರದ ಕೆಳಗೆ ಕೂತು ತಿಂದರು. ಖಾನಾವಳಿ ತೆರೆಯುವ ಮೊದಲ ದಿನ ಏನು ಪಲ್ಯ ಮಾಡಬೇಕು ಅಂತ ಗಂಡ ಹೆಂಡತಿ ವಾದ ಮಾಡಿದರು.

ಮಧ್ಯಾಹ್ನ ಯರಗಟ್ಟಿಗೆ ಬಂದಾಗ ಜಟ್ಟೆಪ್ಪನ ಮನೆಯ ಕಟ್ಟೆಯ ಮೇಲೆ ಗುರವ್ವನ ಟ್ರಂಕು, ಜೋಳದ ಎರಡು ಚೀಲ, ಒರಳುಕಲ್ಲು ಆಗಲೇ ಹೊರಗೆ ಬಂದಿದ್ದವು. ಒಳಗೆ ಹಾಸಿಗೆ ಸುತ್ತಿ ಇಟ್ಟಿದ್ದರು. ಮುದುಕಿಯನ್ನು ಬರೀ ಚಾಪೆಯ ಮೇಲೆ ಮಲಗಿಸಿದ್ದರು.

“ಅವ್ವಾರು ಮುಂದ ಕುಂಡ್ರತಾರೇನು?” ರಾಯಪ್ಪ ಕೇಳಿದ.

“ಕಾಲ ಇಳಿಬಿಟ್ಟ ಕುಂಡ್ರಾಕ ಆಗಂಗಿಲ್ರಿ. ಡಬ್ಬಿಯಾಗ ಮಲಗಸ್ತೇನಿ, ಇನ್ನ ಎಷ್ಟ ದೂರ ಐತಿ?” ಅಂದ ಗೌರೀಶ.

“ಆಗಂಗಿಲ್ಲ.”

“ಹಡದ ತಾಯಿನ ಇಲ್ಲಿ ಬಿಟ್ಟ ಹೋಗ್ಲೇನು?”

“ಬಿಡಬ್ಯಾಡ್ರಿ. ಇವತ್ತ ಡಬ್ಬಿ ಇಳಿಸಿ ನಾಳೆ ಮುಂಜಾನೆ ನಾನ ಬರತೇನಿ. ಪಿಕಪ್ಪಿನಾಗ ಗಾದಿ ಹಾಸಿ, ಹೂವಿನಂಗ ಒಯ್ಯೂಣು. ಬಾಡಿಗಿ ಕೊಡಬ್ಯಾಡ್ರಿ.”

ಗೌರೀಶ ತಲೆ ತಗ್ಗಿಸಿ ಒಪ್ಪಿದ. ಆಮೇಲೆ ಕೊಂಡಿ ನೋಡುವಾಗ, ಪಿನ್ನಿಗೆ ಅಡ್ಡ ಹಾಕುವ ಕೀಲು ಸವೆದದ್ದು ರಾಯಪ್ಪನ ಕಣ್ಣಿಗೆ ಬಿತ್ತು. ಹೊಸದು ತರುತ್ತೇನೆಂದು ಬಸ್‌ಸ್ಟ್ಯಾಂಡಿನ ಕಡೆಯ ಗ್ಯಾರೇಜಿಗೆ ನಡೆದು ಹೋದ. ಹೋಗಿ ಬರಲು ಮುಕ್ಕಾಲು ತಾಸು ಹಿಡಿಯಿತು.

ಆ ಮುಕ್ಕಾಲು ತಾಸಿನಲ್ಲಿ ಜಟ್ಟೆಪ್ಪ, ಇನ್ನೊಂದು ರಾತ್ರಿಯೂ ಆಗುವುದಿಲ್ಲ, ನಮ್ಮ ಮನೆಯವರು ಬೇಸತ್ತಿದ್ದಾರೆ ಅಂತ ಬೆನ್ನು ತಿರುಗಿಸಿ ಹೇಳಿದ. ಒಳಗಿದ್ದ ಗುರವ್ವ ಅದನ್ನು ಕೇಳಿಸಿಕೊಂಡಳು. “ಗೌರೀಶಾ, ನನ್ನ ನಿನ್ನ ಮನ್ಯಾಗ ಹಾಕಪಾ. ಸತ್ರ ಅಲ್ಲೇ ಸಾಯತೇನಿ,” ಅಂದಳು. ಗಂಡ ಹೆಂಡತಿ ಇಬ್ಬರೂ ಅವಳನ್ನು ಚಾಪೆಯ ಸಮೇತ ಎತ್ತಿ ತಂದು ಡಬ್ಬಿಯ ಹಿಂದಿನ ಕಿಟಕಿಯ ಹತ್ತಿರ ಮಲಗಿಸಿದರು. ಮುಂದೆ ಜಾಗವಿರಲಿಲ್ಲ. ಟ್ರಂಕು, ಜೋಳದ ಚೀಲ, ಒರಳುಕಲ್ಲು ಅಲ್ಲೇ ಅವಳ ಬದಿಗೆ ಇಟ್ಟರು. “ಒಳ್ಳೇ ಗಾಳಿ ಬರತೈತಿ,” ಅಂದಳು ಮುದುಕಿ. ಗೌರೀಶ ಬಾಗಿಲಿಗೆ ಮೊದಲಿನ ಹಾಗೆಯೇ ಕೀಲಿ ಹಾಕಿದ.

“ರಾಯಪ್ಪ ಕಾಕಾಗ ಹೇಳೂಣು,” ಅಂದಳು ವಿಜಯ.

“ಹೇಳಿದ್ರ ಆಂವ ಗಾಡಿ ಬಿಚ್ಚಿ ಹೊಂಟ ಹೋಗ್ತಾನ. ಬಾಯಿ ಮುಚ್ಕೊಂಡ ಕುಂಡ್ರು.”

ರಾಯಪ್ಪ ಬಂದ. ಹೊಸ ಕೀಲು ಹಾಕಿದ. ಟೈರು ಒದ್ದು ನೋಡಿದ, ಗುಂಬ ಮುಟ್ಟಿ ನೋಡಿದ, ಬಾಗಿಲಿನ ಕೀಲಿಯನ್ನೂ ಜಗ್ಗಿ ನೋಡಿದ. “ಅವ್ವಾರು?” ಅಂತ ಕೇಳಿದ್ದಕ್ಕೆ, “ಜಟ್ಟೆಪ್ಪಣ್ಣ ನಾಳೆತನಾ ಇಟ್ಕೋತಾನ, ಸಾಮಾನೂ ಒಳಗ ಇಟ್ಟೇವಿ,” ಅಂದ ಗೌರೀಶ.

ಊರು ದಾಟಿದ ಸ್ವಲ್ಪ ಹೊತ್ತಿಗೆ ರಾಯಪ್ಪನಿಗೆ ಸ್ಟೇರಿಂಗ್ ಹಗುರಾಯಿತು ಅನಿಸಿತು. ಪಿಕಪ್ಪಿನ ಹಿಂಭಾಗವನ್ನು ಯಾರೋ ಕೆಳಗಿನಿಂದ ಎತ್ತಿದ ಹಾಗೆ. ಕನ್ನಡಿಯಲ್ಲಿ ನೋಡಿದರೆ ಡಬ್ಬಿ ಸಣ್ಣಗೆ ಆಚೆ ಈಚೆ ಬೀಸುತ್ತಿತ್ತು.

“ಒಳಗ ಸಾಮಾನ ಹಿಂದಕ್ಕ ಸರದಾವೇನು?”

“ಇಲ್ರಿ, ನಾನ ಕಟ್ಟೇನಿ.”

“ಸಾವಕಾಶ ಹೋಗ್ರಿ ಕಾಕಾ,” ಅಂದಳು ವಿಜಯ. ಯರಗಟ್ಟಿ ಬಿಟ್ಟ ಮೇಲೆ ಅವಳು ಆಡಿದ ಮಾತು ಅದೊಂದೇ. ಹೆಣ್ಣುಮಗಳು ಹೆದರಿದ್ದಾಳೆ ಅಂದುಕೊಂಡು ರಾಯಪ್ಪ ಇಪ್ಪತ್ತಕ್ಕೆ ಇಳಿಸಿದ. ಬೀಸುವುದು ನಿಂತಿತು. ರಸ್ತೆ ಸಣ್ಣದು, ಅಂಚು ಕೊರೆದು ಹೋಗಿತ್ತು, ಅಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬರುವವರಿಗೆ ದಾರಿ ಇಲ್ಲ. ಇಳಕಲು ಮುಗಿದ ಮೇಲೆ ಸಪಾಟು ಜಾಗವಿದೆ, ಅಲ್ಲಿ ನಿಲ್ಲಿಸಿ ಬಾಗಿಲು ತೆಗೆದು ನೋಡೋಣ ಅಂತ ಅವನು ಲೆಕ್ಕ ಹಾಕಿದ. ಜೀವಮಾನದಲ್ಲಿ ಅವನು ಮುಂದಕ್ಕೆ ಹಾಕಿದ ತಪಾಸಣೆ ಅದೊಂದೇ.

ರಾಮದುರ್ಗ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಇಳಕಲು ಬಂತು. ರಾಯಪ್ಪ ಮೊದಲೇ ಎರಡನೇ ಗೇರಿಗೆ ಹಾಕಿದ್ದ. ಆದರೂ ಡಬ್ಬಿ ಬೆನ್ನಿಗೆ ಬಿದ್ದು ನೂಕತೊಡಗಿತು. ಬಾಲ ಬೀಸಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಹೆಚ್ಚು. ಬ್ರೇಕು ಒತ್ತಿ ತುಳಿದರೆ ಅದು ಮಡಚಿಕೊಂಡು ಮೈಮೇಲೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಕಾಲನ್ನು ಮುಟ್ಟಿಯೂ ಮುಟ್ಟದಂತೆ ಇಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದ. ಇನ್ನು ನೂರು ಮಾರು ಇದ್ದಿದ್ದರೆ ಉಳಿಯುತ್ತಿತ್ತೋ ಏನೋ. ಎದುರಿಗೆ ಬಸ್ಸು ಬಂತು. ಎಡಕ್ಕೆ ಸರಿದ. ಡಬ್ಬಿಯ ಗಾಲಿ ಡಾಂಬರಿನ ಅಂಚು ಬಿಟ್ಟು ಕೆಳಗಿಳಿಯಿತು, ಟೈರು ಒಡೆಯಿತು, ಇಡೀ ಡಬ್ಬಿ ಮಗ್ಗುಲಾಗಿ ಉರುಳಿತು. ಪಿನ್ ಬಾಗಿತು. ಚೈನು ಹರಿಯಲಿಲ್ಲ. ಪಿಕಪ್ ಅರ್ಧ ತಿರುಗಿ ನಿಂತಿತು.

ರಾಯಪ್ಪ ಇಂಜಿನ್ ಆರಿಸಿ ಉಸಿರು ಬಿಟ್ಟ. “ಹೋದ್ರ ಡಬ್ಬಿ ಹೋತು. ಮಂದಿ ಉಳದೀವಿ,” ಅಂದ.

ವಿಜಯ ಆಗಲೇ ಇಳಿದು ಓಡುತ್ತಿದ್ದಳು. “ಅತ್ತೀ! ಅತ್ತೀ!” ಅಂತ ತಗಡು ಬಡಿಯುತ್ತಿದ್ದಳು.

ಕೀಲಿ ಕೈ ಗೌರೀಶನ ಕಿಸೆಯಲ್ಲಿತ್ತು. ಬಾಗಿಲಿನ ಚೌಕಟ್ಟು ಬಾಗಿದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಬಸ್ಸಿನವರು ಇಳಿದು ಬಂದು ಕಿಟಕಿಯನ್ನು ಕಲ್ಲಿನಿಂದ ಒಡೆದರು. ರಾಯಪ್ಪ ಒಳಗಿಳಿದ. ಒರಳುಕಲ್ಲು ಮುದುಕಿಯ ಎದೆಯ ಮೇಲೆ ಬಿದ್ದಿತ್ತು. ಅವಳು ಕಣ್ಣು ಬಿಟ್ಟು ಅವನನ್ನು ನೋಡಿ, ಮಗನೇ ಅಂದುಕೊಂಡು, “ಮುಟ್ಟಿದಿವೇನೋ?” ಅಂದಳು. “ಹೂಂ ಯವ್ವಾ, ಮುಟ್ಟಿದಿವಿ,” ಅಂದ ರಾಯಪ್ಪ. ಬಸ್ಸಿನ ಉದ್ದನೆಯ ಸೀಟಿನ ಮೇಲೆ ಮಲಗಿಸಿ ಬಸ್ಸನ್ನು ತಿರುಗಿಸಿದರು. ರಾಮದುರ್ಗದ ಮೊದಲ ಮನೆಗಳು ಕಾಣುವ ಮೊದಲೇ ಅವಳು ತೀರಿಹೋದಳು.

ಪೊಲೀಸರ ಮುಂದೆ ಗೌರೀಶ, ತಾಯಿ ಒಳಗಿರುವುದು ಡ್ರೈವರನಿಗೆ ಗೊತ್ತಿತ್ತು ಅಂತ ಬರೆಸಿದ. ಬರೆಸುವಾಗ ರಾಯಪ್ಪ ಅಲ್ಲೇ ನಿಂತಿದ್ದ. ಅವನು ಗೌರೀಶನ ಮುಖ ನೋಡಿದ. ಗೌರೀಶ ನೋಡಲಿಲ್ಲ.

ಕೇಸು ಮೂರು ವರ್ಷ ನಡೆಯಿತು. ಕೋರ್ಟಿನಲ್ಲಿ ವಿಜಯ ಕಟಕಟೆ ಹತ್ತಿ, ಗಂಡನ ಎದುರಿಗೇ, ಇದ್ದದ್ದು ಇದ್ದ ಹಾಗೆ ಹೇಳಿದಳು. ಡ್ರೈವರು ಬ್ಯಾಡ ಅಂದಿದ್ದರು, ನಾವೇ ಕದ್ದು ಮಲಗಿಸಿದೆವು, ನಾನೂ ಸುಮ್ಮನಿದ್ದೆ. ಆದರೆ ಅದರಿಂದ ಏನೂ ಬದಲಾಗಲಿಲ್ಲ. ಡಬ್ಬಿಗೆ ನಂಬರಿರಲಿಲ್ಲ, ಬ್ರೇಕಿರಲಿಲ್ಲ, ಅಂಥದ್ದನ್ನು ಪಿಕಪ್ಪಿಗೆ ಕಟ್ಟಿದ್ದೇ ತಪ್ಪು, ಹೊರಡುವ ಮುನ್ನ ಒಳಗೆ ನೋಡುವುದು ಚಾಲಕನ ಕೆಲಸ ಅಂತ ತೀರ್ಪಾಯಿತು. ಆರು ತಿಂಗಳು ಸಜೆ. ಲೈಸೆನ್ಸು ಹೋಯಿತು. ಮೇಲಿನ ಕೋರ್ಟಿಗೆ ಹೋಗೋಣ ಅಂದ ವಕೀಲರಿಗೆ ರಾಯಪ್ಪ, “ಬ್ಯಾಡ್ರಿ. ಜಡ್ಜ ಸಾಹೇಬ್ರು ಖರೇನ ಹೇಳ್ಯಾರ,” ಅಂದ.

ಹೆಂಡತಿ ಸಾಕ್ಷಿ ಹೇಳಿದ ದಿನದಿಂದ ಗೌರೀಶ ಅವಳ ಸಂಗಡ ಮಾತು ಬಿಟ್ಟ. ಅಡಿಗೆಯನ್ನೂ ಬಿಟ್ಟ. ಇಬ್ಬರೂ ಚಚಡಿಯಲ್ಲಿ ವಿಜಯಳ ತವರಿನ ದನದ ಕೊಟ್ಟಿಗೆಯ ಪಕ್ಕದ ಖೋಲಿಯಲ್ಲಿದ್ದರು. ಅವಳು ಕೂಲಿಗೆ ಹೋಗುತ್ತಿದ್ದಳು, ಅವನು ಗೋಡೆಗೆ ಒರಗಿ ಕೂತಿರುತ್ತಿದ್ದ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವಳು ಬೈಲಹೊಂಗಲಕ್ಕೆ ರಾಯಪ್ಪನ ಮನೆ ಹುಡುಕಿಕೊಂಡು ಬಂದಳು. ಅವನು ಸಜೆ ಮುಗಿಸಿ ಬಂದು, ಒಂದು ಅರಳೆ ಗಿರಣಿಯ ಗೇಟಿನಲ್ಲಿ ಕಾವಲಿದ್ದ. ಹೆಂಡತಿ ಬಾಯವ್ವ ಬಾಗಿಲಲ್ಲಿ ಅವಳನ್ನು ತಡೆದು ನಿಂತಳು. ರಾಯಪ್ಪ, “ಒಳಗ ಬರ್ಲಿ ಬಿಡು,” ಅಂದ.

ವಿಜಯ ಒಳಗೆ ಬಂದು ಗೋಡೆಯ ಬದಿಗೆ ಕೂತಳು. ಕೂತವಳೇ ಕೇಳಿದಳು, “ಕಾಕಾ, ಹಾದ್ಯಾಗ ನಾ ಒಂದ ಮಾತ ಹೇಳಿದ್ರ ನೀವು ನಿಲ್ಲಸ್ತಿದ್ರಿಲ್ಲ?”

ಅವಳ ಮುಖ ನೋಡಿದರೆ, ಇಲ್ಲ ಅನ್ನಲಿ ಅಂತ ಕಾಯುತ್ತಿರುವುದು ಗೊತ್ತಾಗುತ್ತಿತ್ತು. ರಾಯಪ್ಪನಿಗೆ ಸುಳ್ಳು ಹೇಳಬೇಕು ಅನಿಸಿತು, ಬಾಯಿ ಬರಲಿಲ್ಲ.

“ನಿಲ್ಲಸ್ತಿದ್ದೆ, ತಂಗಿ.”

ಅವಳು ತಲೆಯಾಡಿಸಿದಳು.

“ನೀ ಹೇಳದಿದ್ರೂ ನಿಲ್ಲಸಬೇಕಾಗಿತ್ತು,” ಅಂದ. “ನನ್ನ ಕೈಗೆ ಗೊತ್ತಾಗಿತ್ತು.”

ಬಾಯವ್ವ ಚಹಾ ತಂದಿಟ್ಟಳು. ವಿಜಯ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ಮತ್ತೆ ಬಾ ಅಂತ ಯಾರೂ ಅನ್ನಲಿಲ್ಲ, ಬರುತ್ತೇನೆ ಅಂತ ಅವಳೂ ಅನ್ನಲಿಲ್ಲ. ಅವಳು ಓಣಿಯ ತಿರುವು ದಾಟುವ ತನಕ ನೋಡಿ ರಾಯಪ್ಪ ಒಳಗೆ ಬಂದು, ಡ್ಯೂಟಿಗೆ ಹೋಗಲು ಅಂಗಿ ಹಾಕಿಕೊಂಡ.