ನಮ್ಮ ಮನೆ ಮುಂದಿನ ಖಾಲಿ ಜಾಗ

ನಮ್ಮ ಬೀದಿಯಲ್ಲಿ ಯಾರ ಮನೆ ಮುಂದಾದರೂ ಕಾರು ನಿಲ್ಲಿಸುವ ಜಾಗ ಖಾಲಿ ಉಳಿದಿದೆ ಎಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಬೇರೆ ದಿನ ಖಾಲಿ ಇರುವುದು ಸಾಧ್ಯವೇ ಇಲ್ಲ. ಇಳಿಜಾರಿನ ಬೀದಿ, ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ನಲವತ್ತೆರಡು ಕಲ್ಲಿನ ಮನೆಗಳು, ಅರವತ್ತಕ್ಕೂ ಹೆಚ್ಚು ಕಾರುಗಳು. ಅಂಗಳ ಎಂಬುದು ಯಾರಿಗೂ ಇಲ್ಲ. ಬಾಗಿಲು ತೆಗೆದರೆ ಕಾಲಿಡುವುದೇ ಫುಟ್‌ಪಾತಿನ ಮೇಲೆ. ಯಾರಾದರೂ ಸತ್ತ ಸುದ್ದಿ ಬಂದ ಕೂಡಲೇ ಅಕ್ಕಪಕ್ಕದವರು ಹೇಳಿಸಿಕೊಳ್ಳದೆ ತಮ್ಮ ಕಾರುಗಳನ್ನು ಮೇಲಿನ ಬೀದಿಗೆ ಒಯ್ಯುತ್ತಾರೆ. ಎದುರುಮನೆಯ ಬರ್ನಿಸ್ ತಮ್ಮ ಅಡುಗೆಮನೆಯಿಂದ ಕೆಂಪು ಸೀಟಿನ ಕುರ್ಚಿ ತಂದು ಆ ಖಾಲಿ ಜಾಗದ ನಡುವೆ ಇಡುತ್ತಾರೆ. ಶವವಾಹನ ಬಂದು ಹೋಗುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ಮದುವೆಯಾಗಿ ಈ ಬೀದಿಗೆ ಬಂದ ಮೂವತ್ತೊಂದು ವರ್ಷದಲ್ಲಿ ಆ ಕುರ್ಚಿ ಹದಿನೇಳು ಸಲ ಹೊರಗೆ ಬಂದದ್ದನ್ನು ನೋಡಿದ್ದೇನೆ.

ನವೆಂಬರಿನ ಮೊದಲ ಸೋಮವಾರ ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಮನೆ ಮುಂದೆ ಜಾಗ ಖಾಲಿ ಇತ್ತು. ಮನೆಯಲ್ಲಿರುವುದು ಇಬ್ಬರೇ, ನಾನು ಮತ್ತು ನನ್ನ ಗಂಡ ನೆವಿಲ್.

ಸುಳ್ಳು ಯಾಕೆ ಹೇಳಲಿ, ಮೊದಲು ನನಗಾದದ್ದು ಖುಷಿ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನಕ್ಕೆ ಹನ್ನೊಂದು ಮನೆ, ಎಲ್ಲವೂ ಬೆಟ್ಟದ ಆ ಕಡೆ ಈ ಕಡೆ. ಏಪ್ರಿಲ್‌ನಲ್ಲಿ ನೆವಿಲ್ ನನ್ನ ತಲೆ ತಿಂದು ಕರೆಂಟಿನ ಕಾರು ಕೊಳ್ಳುವ ಹಾಗೆ ಮಾಡಿದ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಡೀಸೆಲ್ ವಾಸನೆ ಸಾಕಾಗಿದೆ ಎಂದ. ಕೊಂಡಾಗ ಇಬ್ಬರ ತಲೆಗೂ ಹೊಳೆಯದಿದ್ದದ್ದು ಒಂದೇ: ಚಾರ್ಜು ಮಾಡುವ ವಯರು ಐದು ಮೀಟರ್. ಕಾರು ಸರಿಯಾಗಿ ನಮ್ಮ ಬಾಗಿಲ ಮುಂದೆ ನಿಂತರೆ ಮಾತ್ರ ಮನೆಯೊಳಗಿನ ಪ್ಲಗ್ಗಿಗೆ ಅದು ತಲುಪುತ್ತದೆ. ಎರಡು ಮನೆ ಆಚೆ ನಿಲ್ಲಿಸಿದರೆ ಬೆಳಗ್ಗೆ ನಾನು ಬಸ್‌ಸ್ಟಾಪಿನಲ್ಲಿ, ನನ್ನ ಮುದುಕರು ಒದ್ದೆ ಹಾಸಿಗೆಯಲ್ಲಿ.

ಹೀಗಾಗಿ ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಬೀದಿಯಲ್ಲಿ ನನ್ನದು ಜಗಳವೇ ಜಗಳ. ಅದರಲ್ಲೂ ಪಕ್ಕದ ಮನೆಯ ಟ್ರೆವರ್ ಜೊತೆ. ಅವನು ನಲ್ಲಿ ರಿಪೇರಿಯವನು, ಎರಡು ವ್ಯಾನಿನ ಒಡೆಯ, ನಾಲಿಗೆಗೆ ಮೂಳೆಯಿಲ್ಲದವನು. ಫುಟ್‌ಪಾತಿನ ಮೇಲೆ ವಯರು ಹಾಸಿ ಅದರ ಮೇಲೆ ರಬ್ಬರಿನ ಪಟ್ಟಿ ಮುಚ್ಚುವಾಗಲೆಲ್ಲ ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಏನಮ್ಮಾ ಗ್ಲೆಂಡಾ, ಇವತ್ತೂ ಹಾವು ಬಿಟ್ಯಾ ಬೀದಿಗೆ? ನಮ್ಮತ್ತೆ ಎಡವಿ ಸೊಂಟ ಮುರ್ಕೊಂಡ್ರೆ ತಂದು ನಿಮ್ಮನೇಲೇ ಮಲಗಿಸ್ತೀನಿ ನೋಡು."

"ಮಲಗ್ಸಪ್ಪಾ. ನಿನ್ ಮನೇಲಿ ಇರೋದಕ್ಕಿಂತ ಸುಖವಾಗೇ ಇರ್ತಾರೆ. ಮೊದ್ಲು ನಿನ್ ವ್ಯಾನ್ ತೆಗಿ."

"ರಸ್ತೆ ನಿಮ್ಮಪ್ಪಂದಾ?"

"ನಿಮ್ಮಪ್ಪಂದಾ?"

ಇಂಥ ಟ್ರೆವರ್ ಆ ಸೋಮವಾರ ತನ್ನ ಎರಡೂ ವ್ಯಾನುಗಳನ್ನು ಮೇಲಿನ ಬೀದಿಯಲ್ಲಿ ನಿಲ್ಲಿಸಿದ್ದ. ಮಂಗಳವಾರವೂ ಹಾಗೆಯೇ. ಬುಧವಾರವೂ. ನಾನು ಎಷ್ಟು ಹೊತ್ತಿಗೆ ಬಂದರೂ ನನ್ನ ಬಾಗಿಲ ಮುಂದೆ ಒಂದು ಕಾರಿನಷ್ಟು ಜಾಗ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ವಾರ ಕಳೆಯುವ ಹೊತ್ತಿಗೆ ನನ್ನ ಖುಷಿ ಇಳಿದುಹೋಗಿತ್ತು.

ವಯರು ಹಾಕುವುದಕ್ಕೆ ನಮ್ಮದೊಂದು ಪದ್ಧತಿ. ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿ ಇದೆಯಲ್ಲ, ಅದರೊಳಗೆ ನಾನು ಹೊರಗಿನಿಂದ ಪ್ಲಗ್ಗು ತೂರಿಸುತ್ತೇನೆ, ಒಳಗೆ ನೆವಿಲ್ ಅದನ್ನು ಎಳೆದುಕೊಂಡು ಗೋಡೆಗೆ ಹಾಕುತ್ತಾನೆ. ಕಿಂಡಿಯಲ್ಲೇ ಅವನ ಪ್ರಶ್ನೆ: "ಎಷ್ಟಿದೆ?" ನಾನು ಕಾರಿನಲ್ಲಿ ಉಳಿದ ಚಾರ್ಜು ಹೇಳಬೇಕು. ನಲವತ್ತು, ಮೂವತ್ತಾರು, ಹೀಗೆ. ಮೊದಲೆಲ್ಲ ತಮಾಷೆಗೆ ಕೇಳುತ್ತಿದ್ದ. ನವೆಂಬರಿನಲ್ಲಿ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನೂರು ತುಂಬುವವರೆಗೆ ಬೆಳಗ್ಗೆ ನನ್ನನ್ನು ಹೊರಡಲು ಬಿಡುತ್ತಿರಲಿಲ್ಲ.

"ಟ್ರೆವರ್‌ಗೆ ಏನಾಗಿದೆ ಅಂತೀನಿ," ಎಂದೆ ಒಂದು ಸಂಜೆ. "ಇವತ್ತು ನನ್ ಚೀಲ ಹೊತ್ಕೊಂಡು ಬಂದ. ಹುಷಾರಮ್ಮಾ, ಜಾರುತ್ತೆ ಅಂತ ಬೇರೆ ಹೇಳ್ದ. ಅವನ ಬಾಯಲ್ಲಿ ಹುಷಾರು!"

"ಜಾಗ ಸಿಕ್ತು ಅಂತ ಗೋಳಾಡೋ ಹೆಂಗಸನ್ನ ನಾನು ಇವತ್ತೇ ನೋಡಿದ್ದು," ಎಂದ ನೆವಿಲ್. "ತಿನ್ನು ಮಾರಾಯ್ತಿ, ಅಂಗಡಿಯಿಂದ ತಂದಿರೋ ಮಾಂಸದ ಪೈ ಆರಿಹೋಗುತ್ತೆ."

"ನಿಂದು?"

"ನಂದು ಆಯ್ತು, ಆಗ್ಲೇ ತಿಂದೆ."

ಅವನ ತಟ್ಟೆ ತೊಳೆದು ಬೋರಲು ಹಾಕಿತ್ತು. ನಿವೃತ್ತನಾದ ಮೇಲೆ ಗಂಡಸು ತಟ್ಟೆ ತೊಳೆಯುವುದನ್ನಾದರೂ ಕಲಿತನಲ್ಲ ಎಂದುಕೊಂಡೆ. ಹನ್ನೊಂದು ಮನೆಯ ಮುದುಕರು ಎಷ್ಟು ತುತ್ತು ತಿಂದರು ಎಂದು ಪುಸ್ತಕದಲ್ಲಿ ಬರೆದಿಡುವ ಹೆಂಗಸು ನಾನು. ನನ್ನ ಮನೆಯ ತಟ್ಟೆ ನನ್ನ ಕಣ್ಣಿಗೆ ಬೀಳಲಿಲ್ಲ. ಇದಕ್ಕೆ ನನ್ನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.

ಕಾಣದಿದ್ದದ್ದು ಯಾಕೆಂದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ನನ್ನದೇ ಸಾವು. ಅಕ್ಟೋಬರಿನಲ್ಲಿ ನನ್ನ ಎದೆಯ ಎಕ್ಸ್‌ರೇ ಆಗಿತ್ತು, ಕ್ಯಾನ್ಸರ್ ಗಡ್ಡೆ ಇದೆಯಾ ಎಂದು ನಮ್ಮ ವಯಸ್ಸಿನ ಹೆಂಗಸರನ್ನೆಲ್ಲ ಕರೆದು ತೆಗೆಯುತ್ತಾರಲ್ಲ, ಅದು. ಮೂರು ವಾರದಲ್ಲಿ ಕಾಗದ ಬರುತ್ತದೆ ಎಂದಿದ್ದರು, ಬಂದಿರಲಿಲ್ಲ. ನಮ್ಮ ಕಾಗದ ಟ್ರೆವರ್ ಮನೆಗೆ, ಅವನದು ನಮ್ಮ ಮನೆಗೆ ಬೀಳುವುದು ಹೊಸದಲ್ಲ. ಒಂದು ದಿನ ಟ್ರಾಫಿಕ್ ದೀಪದ ಕೆಳಗೆ ನಿಂತಿದ್ದಾಗ ಥಟ್ಟನೆ ಹೊಳೆಯಿತು: ನನ್ನ ಕಾಗದ ಅವನಿಗೆ ಸಿಕ್ಕಿದೆ, ಅವನು ಒಡೆದು ಓದಿದ್ದಾನೆ, ಇಡೀ ಬೀದಿಗೆ ಗೊತ್ತಾಗಿದೆ, ನನಗೊಬ್ಬಳಿಗೆ ಗೊತ್ತಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ನನಗೆ ಎಚ್ಚರವಾಯಿತು.

ಆಮೇಲೆ ಕಂಡದ್ದೆಲ್ಲ ಅದನ್ನೇ ಹೇಳತೊಡಗಿತು. ಬರ್ನಿಸ್ ನನ್ನನ್ನು ಕಂಡರೆ ಪರದೆಯ ಹಿಂದೆ ಸರಿದುಬಿಡುತ್ತಿದ್ದರು; ಮೊದಲಾಗಿದ್ದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಟ್ರೆವರನ ಹೆಂಡತಿ ಒಂದು ದೊಡ್ಡ ಕೇಕು ಮಾಡಿ ಕೊಟ್ಟುಹೋದಳು, ನನ್ನ ಮುಖ ನೋಡಲಿಲ್ಲ. ಹೋಗಿ ಕೇಳೋಣವೆಂದರೆ ಕಾಲು ಏಳುತ್ತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡುವುದಕ್ಕೂ ಧೈರ್ಯವಿಲ್ಲ. ನಾನು ಹೋದರೆ ನೆವಿಲ್ ಏನು ಮಾಡುತ್ತಾನೆ, ಮೊಟ್ಟೆ ಬೇಯಿಸಲೂ ಬರುವುದಿಲ್ಲವಲ್ಲ ಎಂದು ಬಚ್ಚಲಲ್ಲಿ ಅತ್ತೆ. ಅವನಿಗೆ ಹೇಳಲಿಲ್ಲ. ಒಂದು ಕ್ರಿಸ್‌ಮಸ್ ಆದರೂ ನೆಮ್ಮದಿಯಾಗಿ ಕಳೆಯಲಿ ಪಾಪ ಎಂದುಕೊಂಡೆ.

ಡಿಸೆಂಬರಿನ ಎರಡನೇ ಶನಿವಾರ. ಕೆಳಗಿನ ಮೈದಾನದಲ್ಲಿ ಫುಟ್‌ಬಾಲ್ ಇತ್ತು, ಹೊರಗಿನವರ ಕಾರುಗಳು ನಮ್ಮ ಬೀದಿಗಳನ್ನೆಲ್ಲ ತುಂಬಿಕೊಂಡಿದ್ದವು. ಮಧ್ಯಾಹ್ನ ಎರಡಕ್ಕೆ ಬೀದಿಯ ತಿರುವಿಗೆ ಬಂದೆ. ನಮ್ಮ ಮನೆ ಮುಂದೆ ಜಾಗ ಖಾಲಿ ಇತ್ತು. ಅದರ ನಡುವೆ ಬರ್ನಿಸ್ ಅವರ ಕೆಂಪು ಸೀಟಿನ ಕುರ್ಚಿ ಇತ್ತು.

ಕಾರನ್ನು ರಸ್ತೆ ಮಧ್ಯದಲ್ಲೇ ಬಿಟ್ಟು ಇಳಿದೆ. ಸಿಟ್ಟು ಬಂದರೆ ನನಗೆ ಹೆದರಿಕೆ ಕಾಣುವುದಿಲ್ಲ. ಕುರ್ಚಿಯನ್ನು ಕಾಲು ಹಿಡಿದು ದರದರ ಎಳೆದುಕೊಂಡು ಹೋಗಿ ಬರ್ನಿಸ್ ಬಾಗಿಲು ಬಡಿದೆ.

"ಇದೇನಿದು? ನಾನಿನ್ನೂ ಉಸಿರಾಡ್ತಿದ್ದೀನಿ, ಕಣ್ಣು ಕಾಣಲ್ವಾ ನಿಮ್ಗೆ? ಅಷ್ಟೂ ತಡ್ಕೊಳೋಕಾಗ್ಲಿಲ್ವಾ?"

"ಅಯ್ಯೋ ಗ್ಲೆಂಡಾ, ಮ್ಯಾಚ್ ನೋಡೋಕೆ ಬಂದೋರು ಜಾಗ ಹಿಡಿದ್ರೆ ಕಷ್ಟ ಅಂತ... ಬೇರೆ ಏನೂ ಕೈಗೆ ಸಿಗ್ಲಿಲ್ಲ ಕಣೇ."

"ನನ್ ಕಾಗದ ಎಲ್ಲಿ? ಟ್ರೆವರ್ ಒಡೆದು ಓದಿದ್ನಲ್ಲ, ಆ ಕಾಗದ. ಸಾಯೋಳು ನಾನು, ನನಗೆ ಹೇಳ್ದೆ ಊರಿಗೆಲ್ಲ ಹಂಚ್ತೀರಾ?"

ಎಪ್ಪತ್ತೆಂಟು ವರ್ಷದ ಮುದುಕಿ ಬಾಯಿ ತೆರೆದು ನನ್ನನ್ನೇ ನೋಡಿದರು.

"ನೀನಾ? ನಿನಗೇನಾಗಿದೆ? ನೀನಲ್ಲ ಕಣೇ..."

ಅಷ್ಟು ಅಂದು ಬಾಯಿಗೆ ಕೈ ಮುಚ್ಚಿಕೊಂಡರು. ಅವರ ಕಣ್ಣು ನನ್ನ ಭುಜದಾಚೆ, ನಮ್ಮ ಮನೆಯ ಕಿಟಕಿಗೆ ಹೋಯಿತು. ನಾನೂ ತಿರುಗಿದೆ. ಕಿಟಕಿಯಲ್ಲಿ ನೆವಿಲ್ ನಿಂತಿದ್ದ. ಅವನ ಸ್ವೆಟರ್ ಹೆಗಲಿನಿಂದ ಹೇಗೆ ಜೋತುಬಿದ್ದಿದೆ ಎಂಬುದು ಬೀದಿಯ ಆ ಕಡೆಯಿಂದ ನನಗೆ ಕಂಡಿತು.

"ಯಾವಾಗಿಂದ?" ಎಂದೆ.

"ಅಕ್ಟೋಬರ್ ಕೊನೇಲಿ ಗೊತ್ತಾಯ್ತಂತೆ. ಹೊಟ್ಟೆ ಕ್ಯಾನ್ಸರ್. ನೀನು ಕೆಲಸಕ್ಕೆ ಹೋದಾಗ ಎಲ್ಲರ ಬಾಗಿಲಿಗೂ ಬಂದಿದ್ದ ಪಾಪ, ಒಂದೊಂದು ಮನೆ ಆದ್ಮೇಲೂ ಮೆಟ್ಟಿಲ ಮೇಲೆ ಕೂತು ಸುಧಾರಿಸ್ಕೊಂಡು. ನಿನ್ ಜಾಗ ಯಾರೂ ಮುಟ್ಬೇಡಿ ಅಂತ ಕೈ ಮುಗಿಯೋದೊಂದು ಬಾಕಿ. ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ. ಟ್ರೆವರ್ ಅತ್ತುಬಿಟ್ಟ ಕಣೇ, ಟ್ರೆವರ್!"

ನನ್ನ ಕಾರಿನ ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದರು. ಹೋಗಿ ಕಾರನ್ನು ಆ ಜಾಗಕ್ಕೆ ಸೇರಿಸಿದೆ. ಡಿಕ್ಕಿಯಿಂದ ವಯರು ತೆಗೆದು ಒಂದು ತುದಿ ಕಾರಿಗೆ ಸಿಕ್ಕಿಸಿದೆ. ರಬ್ಬರ್ ಪಟ್ಟಿ ಮುಚ್ಚಿದೆ. ಏನು ಮಾಡುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ, ಕೈ ಮಾತ್ರ ಮಾಡುತ್ತಿತ್ತು. ಬಾಗಿಲ ಮುಂದೆ ಮಂಡಿಯೂರಿ ಕಿಂಡಿಯೊಳಗೆ ಪ್ಲಗ್ಗು ತೂರಿಸಿದೆ.

"ಎಷ್ಟಿದೆ?" ಎಂದ ಒಳಗಿನಿಂದ.

ಅವನ ಬೆರಳುಗಳು ಪ್ಲಗ್ಗಿಗೆ ಬಂದವು. ಉಂಗುರ ಇರಲಿಲ್ಲ. ಜಾರಿ ಬೀಳುತ್ತದೆ ಎಂದು ತೆಗೆದಿಟ್ಟಿರಬೇಕು, ಎಷ್ಟು ದಿನವಾಯಿತೋ. ನಾನು ಪ್ಲಗ್ಗು ಬಿಟ್ಟು ಆ ಬೆರಳುಗಳನ್ನೇ ಹಿಡಿದುಕೊಂಡೆ.

"ನೀನು ಊರಿಗೆಲ್ಲ ಹೇಳ್ದೆ," ಎಂದೆ. "ಟ್ರೆವರ್‌ಗೆ ಹೇಳ್ದೆ. ನಾನೇನು ಸತ್ತುಹೋಗಿದ್ನಾ?"

"ಆ ಕುರ್ಚಿ ಇಡ್ಬೇಡಿ ಅಂದಿದ್ದೆ ಆ ಮುದುಕೀಗೆ," ಎಂದ. "ಕ್ರಿಸ್‌ಮಸ್ ಮುಗೀಲಿ ಅಂತಿದ್ದೆ ಚಿನ್ನ. ನೀನು ಅಳ್ತಾ ಕೋಳಿ ಹುರಿಯೋದು ನೋಡೋಕಾಗಲ್ಲ ನನ್ ಕೈಲಿ."

"ಜಾಗ ಯಾಕೆ ಕೇಳ್ದೆ?"

"ಬೆಟ್ಟದಾಚೆ ಇದೆಯಲ್ಲ, ಕೊನೇ ದಿನಗಳಿಗೆ ಇಟ್ಕೊಳೋ ಆಸ್ಪತ್ರೆ. ಅಲ್ಲಿ ಹೆಸ್ರು ಬರೆಸಿದ್ದೀನಿ. ಇಪ್ಪತ್ತಾರು ಮೈಲಿ. ಯಾವತ್ತು ಹೋಗ್ಬೇಕೋ ಗೊತ್ತಿಲ್ಲ. ಆಂಬುಲೆನ್ಸಲ್ಲಿ ಯಾರೋ ಗುರುತಿಲ್ಲದೋರ ಜೊತೆ ನಾನು ಹೋಗಲ್ಲ ಗ್ಲೆಂಡಾ. ಜನ್ಮ ಪೂರ್ತಿ ನಾನೇ ಎಲ್ಲರನ್ನೂ ಓಡಾಡಿಸಿದ್ದು. ಆವತ್ತು ನೀನು ಓಡಿಸ್ಬೇಕು. ಆವತ್ತು ಬೆಳಗ್ಗೆ ಕಾರು ಖಾಲಿ ಇದ್ರೆ ಏನ್ ಗತಿ?"

ನಾನು ಆ ಬೆರಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಎಷ್ಟಿದೆ ಹೇಳು," ಎಂದ.

"ಐವತ್ತೊಂದು."

"ಸರಿ, ಬಿಡು ಕೈ. ಪ್ಲಗ್ ಹಾಕ್ತೀನಿ. ಚಳಿ ಬರ್ತಿದೆ ಒಳಗೆ."

ನನ್ನ ಎಕ್ಸ್‌ರೇ ಕಾಗದ ಸೋಮವಾರ ಬಂತು. ಏನೂ ಇಲ್ಲ ಎಂದಿತ್ತು. ಅದನ್ನು ಹರಿದು ಒಲೆಗೆ ಹಾಕಿದೆ.

ಕ್ರಿಸ್‌ಮಸ್‌ಗೆ ಕೋಳಿ ಹುರಿದೆ, ಅಳಲಿಲ್ಲ. ಅವನು ನನ್ನೆದುರೇ ಎರಡು ತುತ್ತು ತಿಂದ. ಕಾರು ಪ್ರತಿದಿನ ನೂರು ತುಂಬುತ್ತಿತ್ತು. ಬೆಳಗ್ಗೆ ಎದ್ದು ಕಾರಿನ ಹಸಿರು ದೀಪ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅದು ತುಂಬಿರುವುದೇ ಆ ಇಪ್ಪತ್ತಾರು ಮೈಲಿಗಾಗಿ ಎಂದು ಗೊತ್ತಿದ್ದ ಮೇಲೆ ಇನ್ನೇನು.

ಜನವರಿ ಒಂಬತ್ತರ ಬೆಳಗ್ಗೆ ಎಂಟಕ್ಕೆ ಅವನೇ ಹೇಳಿದ, ಇವತ್ತು ಹೋಗೋಣ ಎಂದು. ಟ್ರೆವರ್ ಬಂದು ಕಾರಿನ ಗಾಜಿನ ಮೇಲಿನ ಹಿಮ ಕೆರೆದ, ವಯರು ಬಿಚ್ಚಿ ಸುತ್ತಿ ಡಿಕ್ಕಿಯಲ್ಲಿಟ್ಟ, ನೆವಿಲ್‌ನನ್ನು ಎರಡು ಕೈಯಲ್ಲೂ ಎತ್ತಿ ಸೀಟಿನಲ್ಲಿ ಕೂರಿಸಿದ. ಬೀದಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಪರದೆಗಳ ಹಿಂದೆ ಎಲ್ಲರೂ ಇದ್ದರು. ದಾರಿ ಉದ್ದಕ್ಕೂ ನೆವಿಲ್ ನನ್ನ ಬ್ರೇಕು ಸರಿಯಿಲ್ಲ ಎಂದು ಬೈಯುತ್ತಿದ್ದ. "ಹಿಂದೆ ಐವತ್ತು ಜನ ಕೂತಿದ್ದಾರೆ ಅಂದ್ಕೊಂಡು ಒತ್ತು ಮಾರಾಯ್ತಿ" ಎಂದ. ಬೆಟ್ಟದ ತುದಿಯಲ್ಲಿ ಒಂದು ನಿಮಿಷ ನಿಲ್ಲಿಸು ಎಂದ. ನಿಲ್ಲಿಸಿದೆ. ಕಾರಿನೊಳಗೆ ಎಂಜಿನ್ನಿನ ಸದ್ದೇ ಇರಲಿಲ್ಲ, ಅವನ ಉಸಿರು ಚೆನ್ನಾಗಿ ಕೇಳಿಸುತ್ತಿತ್ತು.

ಅಲ್ಲಿ ಐದು ದಿನ ಇದ್ದ.

ಐದನೆಯ ದಿನ ಬೆಳಗ್ಗೆ ಬರ್ನಿಸ್‌ಗೆ ಒಂದು ಫೋನ್ ಮಾಡಿ ನಾನೊಬ್ಬಳೇ ಹೊರಟೆ. ಹನ್ನೊಂದರ ಹೊತ್ತಿಗೆ ನಮ್ಮ ಬೀದಿಯ ತಿರುವಿಗೆ ಬಂದೆ. ಮನೆ ಮುಂದೆ ಜಾಗ ಖಾಲಿ ಇತ್ತು, ಅಭ್ಯಾಸಬಲದಿಂದ ಸ್ಟಿಯರಿಂಗ್ ಆ ಕಡೆ ತಿರುಗಿಸಿಯೂಬಿಟ್ಟಿದ್ದೆ. ಆಗ ಕುರ್ಚಿ ಕಂಡಿತು.

ಬ್ರೇಕು ಮೆತ್ತಗೆ ಒತ್ತಿದೆ. ಚಾರ್ಜು ನಲವತ್ತನಾಲ್ಕು ಇತ್ತು. ಆ ಜಾಗ ಈಗ ನನ್ನ ಕಾರಿಗೆ ಇಟ್ಟದ್ದಲ್ಲ. ಹಿಂದಕ್ಕೆ ತೆಗೆದು ಮೇಲಿನ ಬೀದಿಗೆ ಹೋದೆ. ಅಲ್ಲಿ ಟ್ರೆವರ್ ತನ್ನ ವ್ಯಾನನ್ನು ಫುಟ್‌ಪಾತಿಗೆ ಹತ್ತಿಸಿ ನನಗೆ ಜಾಗ ಮಾಡಿಕೊಟ್ಟ. ಕಾರು ನಿಲ್ಲಿಸಿ, ಬೀಗ ಹಾಕಿ, ಇಳಿಜಾರಿನಲ್ಲಿ ನಡೆದುಕೊಂಡು ಮನೆಗೆ ಬಂದೆ.